ಬೆರಳಿನ ಕೌಂಟರು

ವಿಸಿಟಿಂಗ್ ಕಾರ್ಡು ಮೊನ್ನೆ ಬಂತು:
ಏರಿಯಾ ಡೆವಲಪ್‌ಮೆಂಟ್ ಮ್ಯಾನೇಜರ್.
ಶಿರ್ವದಿಂದ ಅಮ್ಮ ಕೇಳಿದಳು,
'ಏರಿಯಾ ಅಂದರೆ ಎಷ್ಟು ಸೆಂಟ್ಸು? ನಿನ್ನ ಹೆಸರಿಗೇನಾ?'
ಹೌದಮ್ಮ, ಎಂದೆ. ದಿಬ್ಬಾದಿಂದ ಕಲ್ಬಾದವರೆಗೆ
ಒಂದು ಕಡೆ ಬೋಳುಗುಡ್ಡ, ಒಂದು ಕಡೆ ಕಡಲು,
ನಡುವೆ ಎಲ್ಲೆಲ್ಲಿ ಚಹಾದಂಗಡಿ ತೆರೆದರೆ
ಮುಳುಗುವುದಿಲ್ಲವೋ ಅಷ್ಟೂ ನನ್ನದು.

ಇವತ್ತು ಫುಜೈರಾ. ಬೀಗ ಬಿದ್ದ ಟೈಲರಂಗಡಿಯೆದುರು
ಗುಲ್‌ಜಮಾನನ ಟ್ಯಾಕ್ಸಿಯಲ್ಲಿ ಕೂತು
ಐದರಿಂದ ಏಳರವರೆಗೆ ಎಣಿಸುತ್ತೇನೆ:
ನಿಧಾನಿಸುವ ಕಾರು, ಕಿಟಕಿ ಇಳಿಸುವ ಕೈ.
ತೋರುಬೆರಳಲ್ಲಿ ಎರಡು ದಿರ್ಹಮಿನ ಕೌಂಟರು,
ಮಸೀದಿ ಪಕ್ಕದಂಗಡಿಯಲ್ಲಿ ಕೊಂಡದ್ದು,
ಒತ್ತಿದರೆ ಹಲ್ಲಿ ಲೊಚಗುಟ್ಟಿದಷ್ಟು ಸದ್ದು.

ಅವನು ಕನ್ನಡಿಯಲ್ಲಿ ನೋಡಿದ.
ರೇಡಿಯೋ ಆರಿಸಿದ. ಫೋನು ಬಂದರೆ
ಕೆಳಗಿಳಿದು, ಬಾಗಿಲು ಸದ್ದಾಗದಂತೆ ಮುಚ್ಚಿ,
ದೂರ ಹೋಗಿ ಮಾತಾಡಿದ.

ಜಪವಲ್ಲ ಮಾರಾಯ, ಬಾಡಿಗೆ ಗಿಟ್ಟೀತೇ ಎಂಬ ಲೆಕ್ಕ
ಎನ್ನಬೇಕಿತ್ತು. ಎನ್ನಲಿಲ್ಲ.
ಇನ್ನೂರ ಹದಿನಾಲ್ಕು. ಹದಿನೈದು.
ಇಷ್ಟು ಮರ್ಯಾದೆ ನನ್ನ ಕೆಲಸಕ್ಕೆ
ಆಫೀಸಿನಲ್ಲಿ ಯಾರೂ ಕೊಟ್ಟದ್ದಿಲ್ಲ.

ಇಳಿಯುವಾಗ ಕೇಳಿದ, ಚಿಲ್ಲರೆ ಹುಡುಕುತ್ತ,
'ನನ್ನ ಮಗನ ಹೆಸರಲ್ಲೂ
ಒಂದು ಹೇಳಿದಿರಾ, ಬೆಹೆನ್?'

ಹೂಂ ಎಂದೆ.
ರಿಪೋರ್ಟಿನಲ್ಲಿ
ಒಂದು ಕಾರು ಹೆಚ್ಚಿಗೆ ಇದೆ.