ಇಪ್ಪತ್ತೆರಡಕ್ಕಿಂತ ಮೊದಲು

ಡೆಕ್ಕನ್ ಕ್ವೀನ್ ಇಳಿದು ನಡೆದೇ ಬಂದರು
ಬೋರಾ ಬಜಾರಿನ ನಮ್ಮ ಮೂರನೇ ಮಾಳಿಗೆಗೆ
ಸಿಸ್ಟರ್ ಬೆನೆಡಿಕ್ಟಾ ಸಿಕ್ವೇರಾ,
ಬಗಲಲ್ಲಿ ಫೈಲು, ಕೈಯಲ್ಲಿ
ಪುಣೆ ಕ್ಯಾಂಪಿನ ಬಿಸ್ಕತ್ತಿನ ಡಬ್ಬಿ.
‘ಬಂತಲ್ಲ ವಾರಿಜಕ್ಕ, ನಮ್ಮ ತಾರೀಖು!’
ಫೋನು ಚಾಚಿದರು. ಈ ತಿಂಗಳ ಪಟ್ಟಿ.
ಭಾರತದ ಕಂಬಸಾಲು, ಮೂರನೇ ದರ್ಜೆ,
ಸೆಪ್ಟೆಂಬರ್ ಇಪ್ಪತ್ತೆರಡು.
ಅವರ ಅರ್ಜಿ ಅಲ್ಲಿ ಮುಟ್ಟಿದ್ದೂ, ಅದೇ ವರ್ಷ,
ಇಪ್ಪತ್ತೆರಡು.

ನಾನು ಡಬ್ಬಿ ಬಿಚ್ಚಲಿಲ್ಲ.

ಎಷ್ಟು ಜನಕ್ಕೆ ಹೇಳಿದ್ದೇನೆ ಈ ಮೇಜಿನಲ್ಲಿ ಕೂತು:
ಪಟ್ಟಿಗಳು ಎರಡು, ಒಂದಲ್ಲ.
ದಾದರಿನ ಸೇತುವೆಯ ಮೇಲೆ ನಿಂತಿದ್ದೀರಿ ಅಂದುಕೊಳ್ಳಿ,
ಇಂಡಿಕೇಟರಿನಲ್ಲಿ ನಿಮ್ಮ ಗಾಡಿ ಕಂಡರೆ ಮೆಟ್ಟಿಲಿಳಿಯಿರಿ,
ಕಾಗದ ಜೋಡಿಸಿ, ಫೀಸು ಕಟ್ಟಿ, ಅಷ್ಟೇ.
ಹತ್ತಬೇಕಾದರೆ ಗಾಡಿಯೇ ಬರಬೇಕು.
ಮೂರು ನಿಮಿಷ ಎಂದಿದ್ದದ್ದು
ನೋಡುತ್ತಿದ್ದಂತೆ ಹನ್ನೊಂದಾದರೆ
ಯಾರ ಕಾಲರ್ ಹಿಡಿಯುವಿರಿ?
ಪೊಲೀಸ್ ಸರ್ಟಿಫಿಕೇಟು ಬೇಗ ಮಾಡಿಸಿದರೆ ಹಳಸುತ್ತದೆ.
ಮೆಡಿಕಲ್ಲಂತೂ ಬಂಗುಡೆಯ ಹಾಗೆ,
ಕರೆ ಬಂದ ಮೇಲೆಯೇ ತರಬೇಕು.

ಇಷ್ಟೆಲ್ಲ ಅವರಿಗೆ ಬಾಯಿಪಾಠ.
ಒಂದೇ ಒಂದು ಮಾತು ಮಾತ್ರ
ಹನ್ನೆರಡು ವರ್ಷದಲ್ಲಿ ಯಾರೂ ಹೇಳಿರಲಿಲ್ಲ,
ನಾನೂ.

‘ಇಪ್ಪತ್ತೆರಡು ಅಂದರೆ, ಸಿಸ್ಟರ್,
ಇಪ್ಪತ್ತೆರಡಕ್ಕಿಂತ ಮೊದಲಿನವರು.
ಇಪ್ಪತ್ತೊಂದರ ತನಕ.’

ಕನ್ನಡಕ ತೆಗೆದರು. ಸೆರಗಿನಲ್ಲಿ ಒರೆಸಿದರು.
ಮತ್ತೆ ಹಾಕಿಕೊಂಡು ಅದೇ ಅಂಕಿ ನೋಡಿದರು,
ಥರ್ಮಾಮೀಟರ್ ನೋಡುವವರಂತೆ, ಬೆಳಕಿಗೆ ಓರೆಯಾಗಿ ಹಿಡಿದು.

ಆಮೇಲೆ ನಕ್ಕರು.
‘ರಾಸ್ತಾ ಪೇಠೆಯಲ್ಲಿ ಒಂದು ರಾತ್ರಿ, ಲೇಬರ್ ವಾರ್ಡು.
ಮಗು ಬಂದದ್ದು ಹನ್ನೆರಡು ಗಂಟೆ ಮೂರು ನಿಮಿಷಕ್ಕೆ.
ಅತ್ತೆ ಹೊರಗೆ ಕೈಮುಗಿದು ನಿಂತಿದ್ದಾಳೆ,
ನಾಳೆ ಬೇಡ ಬಾಯಿ, ನಾಳೆ ತಾರೀಖು ಒಳ್ಳೆಯದಲ್ಲ.
ಬರೆದೆ, ಹನ್ನೊಂದು ಐವತ್ತೆಂಟು.
ಐದು ನಿಮಿಷ. ಯಾರ ಗಂಟು ಹೋಯಿತು?
ನಿಮ್ಮ ಅಮೆರಿಕದ ಆಫೀಸಿನಲ್ಲಿ
ಅಂಥ ನರ್ಸು ಒಬ್ಬಳೂ ಇಲ್ಲವೇ?’

ಮಗಳು ರೆನಿಟಾಗೆ ಇಪ್ಪತ್ತೊಂದು ತುಂಬಿ ಎರಡು ತಿಂಗಳು.
ಇಪ್ಪತ್ತೊಂದಾದರೆ ಮಗು ಮಗುವಲ್ಲ ಎನ್ನುತ್ತದೆ ಕಾನೂನು.
ಆದರೆ ಅರ್ಜಿ ಅಲ್ಲಿಯ ಮೇಜಿನ ಮೇಲೆ
ಮಲಗಿದ್ದ ಏಳು ತಿಂಗಳನ್ನು
ಅವಳ ಪ್ರಾಯದಿಂದ ಕಳೆಯಬಹುದು.
ಕಳೆದೆ, ಕ್ಯಾಲೆಂಡರಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ:
ಇಪ್ಪತ್ತು ವರ್ಷ, ಏಳು ತಿಂಗಳು.
ಎಂಥ ಕರುಣೆ ನೋಡಿ, ಸಾಲ ತೀರಿಸಿದಂತೆ
ಹುಡುಗಿಯ ಪ್ರಾಯ ಇಳಿಸುತ್ತಾರೆ.
ಉಳಿದದ್ದು ಐದು ತಿಂಗಳು.
ಪಟ್ಟಿ ಒಂದೇ ದಿನ ಮುಂದೆ ಸರಿದರೆ ಸಾಕು.
ಹಿಂದೆಯೂ ಸರಿದೀತು; ಸರಿದಿದೆ.

‘ಮುಂದಿನ ತಿಂಗಳು ನೋಡುವ,’ ಎಂದೆ.
‘ನೋಡುವ,’ ಎಂದರು.

ನನ್ನ ಮೊಣಕೈಯ ಹತ್ತಿರ ಹಳೆಯ ರಿಜಿಸ್ಟರು,
ಅವರು ಬರುವ ಮುಂಚೆಯೇ ಕಪಾಟಿನಿಂದ ಇಳಿಸಿಟ್ಟದ್ದು.
ತೆರೆದರೆ ಆ ವರ್ಷದ ಸೆಪ್ಟೆಂಬರು,
ನನ್ನದೇ ದುಂಡಗಿನ ಅಕ್ಷರ:
ಸಿಕ್ವೇರಾ, ಪ್ಯಾಕೆಟ್ ತಯಾರು. ಗಣಪತಿ ವಿಸರ್ಜನೆ,
ಲಾಲ್‌ಬಾಗ್ ರಸ್ತೆ ಬಂದ್.
ಕೊರಿಯರ್ ಹುಡುಗ ಬರಲಿಲ್ಲ. ನಾಳೆ.

ಜಿಪಿಒ ಇಲ್ಲಿಂದ ಐದು ನಿಮಿಷದ ದಾರಿ.
ಆ ಸಂಜೆ ಕಿಟಕಿಯಲ್ಲಿ ನಿಂತು
ದೂರದ ಢೋಲು ಕೇಳುತ್ತಿದ್ದೆ ನಾನು.
ಚಹಾ ಕುಡಿದದ್ದೂ ನೆನಪಿದೆ.

ಹೇಳಬೇಕು ಅಂದುಕೊಂಡು ಬಾಯಿ ತೆರೆದೆ.
ಅಷ್ಟರಲ್ಲಿ ಅವರೇ ಡಬ್ಬಿಯ ಟೇಪು ಕಿತ್ತರು.
‘ಇಪ್ಪತ್ತೊಂದರವರು ಯಾರೋ ಈಗ
ಮನೆಯಲ್ಲಿ ಕೂತು ಅಳುತ್ತಿರಬಹುದು, ಖುಷಿಗೆ.
ಅವರ ಲೆಕ್ಕದಲ್ಲಿ ಒಂದು ತಿನ್ನಿ.’

ಡಬ್ಬಿಯನ್ನು ಇಟ್ಟದ್ದು
ರಿಜಿಸ್ಟರಿನ ಮೇಲೆ.