ಜಪ್ತಿದಾರನ ಕೋಟು

ಮುಹರ್ರಕ್‌ನ ನಮ್ಮ ಲಾಂಡ್ರಿಯಲ್ಲಿ ಗುರುವಾರ ರಾತ್ರಿ
ಇಸ್ತ್ರಿಪೆಟ್ಟಿಗೆ ಆರುತ್ತದೆ, ಮಾತು ಕಾಯುತ್ತದೆ.
ಗೋಡೆಯ ಟೀವಿಯಲ್ಲಿ ಜೆಟ್ ಕಾಲ್ಡರ್, ಹಲ್ಲೆಲ್ಲ ಬೆಳಕು;
ಎದುರಿಗೆ ಆ ಮುದಿ ಕಪ್ಪುಕೋಟು,
ಕಂಕುಳಲ್ಲಿ ಕೆಂಪು ಲೆಕ್ಕದ ಪುಸ್ತಕ.
ಹಗ್ಗ ದಾಟುವ ಮೊದಲು ಪುಟ ತೆರೆದು
ಎದುರಾಳಿಯ ಬಾಕಿ ಓದುತ್ತಾನೆ:
ಇಂಥ ತಾರೀಕು, ಇಷ್ಟು ಪೆಟ್ಟು, ಬಡ್ಡಿ ಇಷ್ಟು.
ಅವನ ಇಂಗ್ಲಿಷ್ ಹೆಸರು ಯಾರ ನಾಲಿಗೆಗೂ ಹೊರಳದೆ
ನಾವಿಟ್ಟದ್ದು ಜಪ್ತಿದಾರ.

ಏಜೆಂಟನಿಗೆ ಇನ್ನೂ ಒಂದೂವರೆ ಲಕ್ಷ ಕೊಡಬೇಕಾದವರು
ಬಾಗಿಲ ಬಳಿ ಕೂತು ಅವನನ್ನು ಬೈಯುತ್ತಾರೆ,
ಬಾಯ್ತುಂಬ, ನಾಲ್ಕು ಜಿಲ್ಲೆಯ ಬೈಗುಳ.

"ಪಟ್ಟ ಯಾವಾಗಲೋ ಕಾಲ್ಡರನಿಗೆ ಆಗಬೇಕಿತ್ತು," ವಲೇರಿಯನ್ ಶುರುಮಾಡುತ್ತಾನೆ.
"ಕತೆ ಬರೆಯುವವರಿಗೆ ತಲೆ ಇಲ್ಲ ಮಾರಾಯ.
ಎಂಟು ತಿಂಗಳು ಅವನನ್ನು ಸೋಲಿಸಿ ಸೋಲಿಸಿ
ನಮ್ಮ ಅಳುವನ್ನೆಲ್ಲ ಖರ್ಚು ಮಾಡಿಸಿದರು.
ಇನ್ನು ಗೆದ್ದರೂ ಚಪ್ಪಾಳೆಗೆ ಚಿಲ್ಲರೆ ಎಲ್ಲುಂಟು?"

ಶೇಖಬ್ಬ ಒಪ್ಪುವುದಿಲ್ಲ.
"ಚಂದದ ಮುಖಕ್ಕೆ ಮೂರು ತಿಂಗಳ ಆಯುಸ್ಸು.
ಬನಿಯನ್ನು ಅವನ ಹೆಸರಿನದ್ದೇ ಮಾರಿಹೋಗುತ್ತದೆ, ಸರಿ.
ಆದರೆ ಬಣ್ಣದ ವೇಷ ಇಲ್ಲದ ಆಟಕ್ಕೆ
ಯಾರಾದರೂ ನಿದ್ದೆ ಕೆಡುತ್ತಾರಾ?"

ಯಮನೂರಪ್ಪ ಗೋಡೆಗೊರಗಿ ನಗುತ್ತಾನೆ.
ಮುಧೋಳದ ಗರಡಿಯಲ್ಲಿ ಮಣ್ಣು ತಿಂದವ;
ಎಡಗಿವಿ ಒಣ ಅಂಜೂರದ ಹಾಗೆ ಮುದುಡಿದೆ.
"ಇದೇನ್ ಕುಸ್ತಿರೀ? ಮೊದ್ಲ ಮಾತಾಡ್ಕೊಂಡ ಬರ್ತಾರ.
ಖರೇ ಜೋಡ ಬಿತ್ತಂದ್ರ ಎಲ್ಡ ನಿಮಿಷದಾಗ
ಬೆನ್ನ ಮಣ್ಣಿಗೆ ಹತ್ತತೈತಿ,
ಜಾಹೀರಾತಿಗೂ ಟೈಮ್ ಸಿಗಂಗಿಲ್ಲ."
ಹೀಗೆನ್ನುವವ ರಿಮೋಟು ಮಾತ್ರ ಯಾರಿಗೂ ಕೊಡುವುದಿಲ್ಲ.

ಕಂಪನಿ ಬಹರೈನಿಗೇ ಬಂತು, ಹೋದ ಮಾಗಿಯಲ್ಲಿ.
ಕಡಿಮೆಯ ಟಿಕೆಟ್ಟು ಹದಿನೈದು ದಿನಾರು. ನಾವ್ಯಾರೂ ಹೋಗಲಿಲ್ಲ.
ಆದರೆ ಜುಫೇರಿನ ಹೋಟೆಲಿನಲ್ಲಿ ಯಂತ್ರ ಕೆಟ್ಟಿತ್ತಂತೆ,
ಮಧ್ಯಾಹ್ನ ಒಂದು ಗಂಟು ಬಂದು ಬಿತ್ತು,
ಆರು ಗಂಟೆಯೊಳಗೆ ಎಂಬ ಚೀಟಿಯ ಜೊತೆ.
ಮೇಲೆಯೇ ಇತ್ತು, ಕಪ್ಪುಕೋಟು.

ಒಳಮೈ ತಿರುಗಿಸಿದೆ. ಬಟ್ಟೆಯ ಸುದ್ದಿ ಇರುವುದು ಅಲ್ಲೇ.
ಕಂಕುಳಲ್ಲಿ ಮೂರು ಸಲ ಹೊಲಿದ ಹರಕು,
ಮೂರೂ ಬೇರೆ ದಾರ, ಒಂದು ಅಚ್ಚನೀಲಿ,
ದರ್ಜಿಯ ಕೈಯದ್ದಲ್ಲ,
ಯಾವನೋ ಗಂಡಸು ಕನ್ನಡಕ ಮೂಗಿಗಿಳಿಸಿ
ಹೋಟೆಲ್ ದೀಪದಲ್ಲಿ ಎಳೆದ ಹೊಲಿಗೆ.
ಸೊಂಟದ ಬಳಿ ಸ್ಪಂಜಿನ ತುಂಡು. ನೋವಿನೆಣ್ಣೆಯ ಘಾಟು.
ಕಿಸೆಯಲ್ಲಿ ಕೆಂಪು ಪುಸ್ತಕದ ಒಂದು ಹಾಳೆ,
ನಾಲ್ಕು ಮಡಿಕೆ, ಗೆರೆಗೆರೆ,
ಒಂದಕ್ಷರವೂ ಇಲ್ಲ.

ಯಮನೂರಪ್ಪ ಕೋಟು ಇಸಿದುಕೊಂಡ.
ಎಡಭುಜದ ಅಸ್ತರು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿತ್ತು,
ಬಲಭುಜ ಹೊಸದರಂತೆ.
ಬೆರಳಾಡಿಸಿದ. ಬಹಳ ಹೊತ್ತು.
"ಎಡಕ್ಕ ಬೀಳ್ತಾನ," ಅಂದ.
"ಬಲಕ್ಕ ಬಿದ್ರ ಹುಡುಗನ ಕುತ್ತಿಗಿ ಮ್ಯಾಲ ಭಾರ ಬರ್ತೈತಿ.
ಎಲ್ಲಾ ತನ್ನ ಭುಜಕ್ಕ ತಗೊಂಡಾನ."

ಸಣ್ಣ ಬಿಸಿಯಲ್ಲಿ, ಒದ್ದೆ ಬಟ್ಟೆ ಹಾಸಿ ಉಜ್ಜಿದೆ.
ಬಿಲ್ಲು ಎಂಟುನೂರು ಫಿಲ್ಸು, ಬಿಡಲಿಲ್ಲ.

ಆ ರಾತ್ರಿ ಪಟ್ಟ ಕಾಲ್ಡರನಿಗೆ ಆಯಿತು.
ವಲೇರಿಯನ್ ಎಲ್ಲರಿಗೂ ಚಾ ಹೇಳಿದ,
ಕತೆ ಬರೆಯುವವರಿಗೆ ದಿಢೀರನೆ ತಲೆ ಬಂದಿತ್ತು.
ಶೇಖಬ್ಬ ಮುಖ ತಿರುಗಿಸಿ ಕೂತ.
ನಾನು ನೋಡಿದ್ದು ಒಂದೇ: ಮೂಲೆಯ ಕಂಬಕ್ಕೆ ಬಡಿದು
ಮುದುಕ ಎಡಕ್ಕೆ ಬಿದ್ದ. ನನ್ನ ಇಸ್ತ್ರಿ ನಿಂತಿತ್ತು.

ಎಲ್ಲರಿಗಿಂತ ಜೋರಾಗಿ ಬೈದವನು ಯಮನೂರಪ್ಪ,
ಎದ್ದು ನಿಂತು, ಕತ್ತಿನ ನರ ಉಬ್ಬಿ,
"ಸಾಯಿ ಮಗನ, ಮಣ್ಣ ಮುಕ್ಕು!"
ಏನಯ್ಯ ಇದು ಅಂದರೆ, ಕೂತು, ತಣ್ಣಗೆ:
"ಅವನ ಪಗಾರ ಅದರೀ. ಬಾಕಿ ಇಡಬಾರ್ದು."

ಆ ಹಾಳೆ ಹೋಟೆಲಿಗೆ ವಾಪಸು ಹೋಗಲಿಲ್ಲ.
ಗಂಜಿಯ ಡಬ್ಬಿ ಕೆಳಗಿತ್ತು ಒಂದಷ್ಟು ದಿನ.
ಆಮೇಲೆ ಕಾಗದ ಸಿಗದ ಒಂದು ಸಂಜೆ ಅದರಲ್ಲೇ ಬರೆದೆ:
ಬಿಳಿ ತೋಬು ಹನ್ನೆರಡು, ಪರದೆ ಎರಡು,
ಮೂಲೆಮನೆ ಹಾಜಿಯವರದ್ದು, ಬಾಕಿ.