ಏಳನೇ ನಂಬರ್ ಟಿಪ್ಪರ್

ಶಿಡ್ಲಘಟ್ಟದಲ್ಲಿ ಬೆಳಕು ಹರಿಯುವ ಮುಂಚೆ
ಬೇಯುವ ಗೂಡಿನ ವಾಸನೆ ಏಳುತ್ತದೆ.
ಅದರ ಹಿಂದೆಯೇ, ಎರಡು ಬೀದಿ ಆಚೆ,
ಗಂಟಲು ಕಟ್ಟಿದ ಸ್ಪೀಕರು:
ಹಸಿ ಕಸ ಬೇರೆ, ಒಣ ಕಸ ಬೇರೆ.
ನಾನು ಬೇಸಿನ್ ಬಿಟ್ಟೆದ್ದು, ಸೆರಗಿಗೆ ಕೈ ಒರೆಸಿ
ಫೋನು ತೆಗೆಯುತ್ತೇನೆ.

ಬೆರಳು ತಾಗಿದರೆ ಅದಕ್ಕೆ ತಿಳಿಯುವುದಿಲ್ಲ.
ಹತ್ತೊಂಬತ್ತು ವರ್ಷ ಬಿಸಿನೀರಲ್ಲಿ ಎಳೆ ಹುಡುಕಿದ ಬೆರಳು,
ಬೆಂದು, ಬಿಳಚಿ, ಗೆರೆ ಕಳಕೊಂಡವು.
ಗೆಣ್ಣಿನಿಂದ ಒತ್ತುತ್ತೇನೆ. ಕೆಂಪು ಚುಕ್ಕೆ ಮಿಣುಕುತ್ತದೆ.
ಪಕ್ಕದ ಬೇಸಿನ್ನಿನ ಮುಬೀನಾ ಕೇಳುತ್ತಾಳೆ,
"ನಿಂಗೆ ಬೇರೆ ಸಿನಿಮಾನೇ ಇಲ್ವಾ?"

ಇನ್ನೂರ ಹನ್ನೊಂದು ಇವೆ ನನ್ನಲ್ಲಿ.
ಜಾಗ ಸಾಲದೆ ನಾದಿನಿ ಮಗನ ನಾಮಕರಣ ಅಳಿಸಿದೆ;
ಮಗು ಮನೆಯಲ್ಲೇ ಇದೆಯಲ್ಲ, ನೋಡಬಹುದು.
ಮೂರನೇ ನಂಬರಿನವನು ಅವಸರದವನು,
ಬಕೆಟ್ಟು ಕೈಗೆ ಬರುವ ಮೊದಲೇ ಕ್ಲಚ್ಚು ಬಿಡುತ್ತಾನೆ.
ಐದರ ಹುಡುಗ ಕನ್ನಡಿಯಲ್ಲಿ ಮೀಸೆ ನೋಡಿಕೊಂಡೇ
ಅರ್ಧ ಊರು ಮುಗಿಸುತ್ತಾನೆ.
ಏಳು ಬೇರೆ.
ಏಳರ ಮೂತಿಗೆ ತಂತಿಯಲ್ಲಿ ಬಿಗಿದ ಕರಡಿ ಗೊಂಬೆ,
ಕಸದಲ್ಲೇ ಸಿಕ್ಕಿದ್ದು, ಒಂಟಿ ಕಣ್ಣಿನದು.
ಮಳೆಗೆ ಹೊಟ್ಟೆ ಒಡೆದರೆ ಇನ್ನೊಂದು ಬರುತ್ತದೆ:
ಮೊಲ, ಆನೆ, ಒಮ್ಮೆ ಬರೀ ತಲೆ.
ಒಳಗೆ ಗಂಗುಲಪ್ಪ. ಹಿಂದೆ ಚವುಡಮ್ಮ,
ಯಾವ ಬಕೆಟ್ಟು ಯಾರ ಮನೆಯದೆಂದು
ಮುಚ್ಚಳ ನೋಡಿಯೇ ಹೇಳುವವಳು.

ನಮ್ಮ ಸಂದು ಅಳೆದರೆ ಆರೂವರೆ ಅಡಿ.
ಈ ಕಡೆ ಖಲೀಲ್ ಸಾಬರ ಗೋಡೆ, ಆ ಕಡೆ ಮೋರಿ.
ಗಂಗುಲಪ್ಪ ಹಿಂದಕ್ಕೆ ಬರುತ್ತಾನೆ.
ಹಾರನ್ ಇಲ್ಲ, ಬರಲಿ ಬರಲಿ ಎನ್ನುವವರಿಲ್ಲ.
ಬೀಡಿ ಕಿವಿಯ ಮೇಲೆ, ಮೊಣಕೈ ಕಿಟಕಿಯಾಚೆ.
ಎಳೆ ಸಿಕ್ಕ ಗೂಡು ನೀರಲ್ಲಿ ತಿರುಗುವ ಹಾಗೆ
ಗಾಡಿ ತನ್ನಷ್ಟಕ್ಕೆ ತಿರುಗಿ ಒಳಬರುತ್ತದೆ.
ಕನ್ನಡಿಗೂ ಗೋಡೆಗೂ ನಡುವೆ ಎರಡು ಬೆರಳು ಬೆಳಕು.
ಆ ಎರಡು ಬೆರಳನ್ನೇ ನಾನು ಹಿಡಿಯುವುದು.

ಮೊದಮೊದಲು ಟವೆಲ್ಲು ಮುಖಕ್ಕೆ ಎಳಕೊಂಡ.
"ಯಾತಕ್ಕಕ್ಕ ಹಿಡೀತೀಯ? ಕಂಪ್ಲೇಂಟಾ?"
"ಚೆನ್ನಾಗೈತೆ ಅಂತ."
"ಕಸಾನಾ?"
"ನೀನು ರಿವರ್ಸ್ ಬರೋದು."
ಚವುಡಮ್ಮ ನಕ್ಕಳು, ಇಡೀ ಸಂದಿಗೆ ಕೇಳುವ ಹಾಗೆ.
ಅದೂ ಇದೆ, ಹದಿನಾಲ್ಕನೆಯದರಲ್ಲಿ.

ದೀಪಾವಳಿ ಕಳೆದು ಒಂದು ಸಂಜೆ
ಗಾಡಿ ಇಲ್ಲದೆ ಬಂದು ಬಾಗಿಲಲ್ಲಿ ನಿಂತ.
ಗುರುತೇ ಹತ್ತಲಿಲ್ಲ. ಇಷ್ಟು ಕುಳ್ಳನೇ?
ನಾನು ಕಂಡಿದ್ದು ಬರೀ ಮೊಣಕೈ, ಮುಖ.
ಹಾಜರಿಯ ಮಿಷನ್ನು ಹೆಬ್ಬೆಟ್ಟು ಒಪ್ಪಿಲ್ಲವಂತೆ,
ಸ್ಟೇರಿಂಗು, ಆಸಿಡ್ಡು, ಗಾಜು ಸೇರಿ ತಿಂದ ಹೆಬ್ಬೆಟ್ಟು.
ಒಂಬತ್ತು ದಿನ ಬಂದೇ ಇಲ್ಲ ಎನ್ನುತ್ತದಂತೆ.
ಒಂಬತ್ತು ದಿನದ ಸಂಬಳ ಹಿಡಿದಿದ್ದಾರಂತೆ.
ನನಗೆ ಗೊತ್ತು ಆ ಮಿಷನ್ನು.
ಅದರ ತಂಗಿ ನ್ಯಾಯಬೆಲೆ ಅಂಗಡಿಯಲ್ಲಿದೆ.

ನಗರಸಭೆಯ ಮೇಜಿನ ಮೇಲೆ ನನ್ನ ಗಾಜೊಡೆದ ಫೋನು.
ಸಾಹೇಬರು ಚಹಾ ಪಕ್ಕಕ್ಕಿಟ್ಟು ನೋಡಿದರು:
ಆನೆ ಗೊಂಬೆ, ತಾರೀಕು; ಆನೆ ಗೊಂಬೆ, ತಾರೀಕು.
ಎಂಟು ದಿನ ಸಿಕ್ಕಿತು.
ಒಂಬತ್ತನೆಯದು ಇರಲಿಲ್ಲ.
ಅವತ್ತು ಗೂಡು ಬಂದಿರಲಿಲ್ಲ, ಕೆಲಸವಿರಲಿಲ್ಲ,
ಮುಸುಕೆಳೆದು ಮಲಗಿದ್ದೆ.
ಸ್ಪೀಕರು ಕೇಳಿತ್ತು. ಏಳಲಿಲ್ಲ.
"ಕೇಳಿದ್ದು ಲೆಕ್ಕಕ್ಕೆ ಬರಲ್ಲಮ್ಮ" ಎಂದರು.
ಗಂಗುಲಪ್ಪ ಎಂಟಕ್ಕೇ ಕೈ ಮುಗಿದ.
ನನಗೆ ಆ ಒಂದು ದಿನ ಇನ್ನೂ ಗಂಟಲಲ್ಲಿ.

ಮಾರನೆಯ ಬೆಳಗ್ಗೆ ಕ್ರಾಪು ಬಾಚಿ, ಗಡ್ಡ ಹೆರೆದು,
ಫೋನಿನ ಕಡೆ ನೆಟ್ಟಗೆ ಕೂತು ಬಂದ.
ಚವುಡಮ್ಮ ಒಂದೊಂದು ಬಕೆಟ್ಟೂ ಎತ್ತಿ ತೋರಿಸಿದಳು, ಸಾಕ್ಷಿಗೆ.
ಕನ್ನಡಿ ಸಾಬರ ಗೋಡೆಗೆ ಕರ್ರೆಂದು ಉಜ್ಜಿತು.
ಒಳಗಿಂದ ಅವರ ಹೆಂಡತಿ ಬೈದದ್ದೂ ರೆಕಾರ್ಡಾಯಿತು.
ಮರುದಿನವೂ ಹಾಗೇ. ಅದರ ಮರುದಿನವೂ.

ಈಗ ನೀರಿನ ಡ್ರಮ್ಮಿನ ಹಿಂದೆ ಕುಕ್ಕರಗಾಲಲ್ಲಿ ಕೂತು ಹಿಡಿಯುತ್ತೇನೆ.
ಅಕ್ಕ ಇವತ್ತು ಇಲ್ಲ ಅಂದುಕೊಂಡು
ಬೀಡಿ ಕಿವಿಯ ಮೇಲಿಡುತ್ತಾನೆ.
ಮೊಣಕೈ ಹೊರಗೆ ಬರುತ್ತದೆ.
ತಾರೀಕು ಮೂಲೆಯಲ್ಲಿ ತಾನೇ ಬೀಳುತ್ತದೆ, ಬೀಳಲಿ.
ಗೊಂಬೆ ಹೊಸದು, ಬಾತುಕೋಳಿ.
ಗೋಡೆ ಹತ್ತಿರ ಬರುತ್ತಿದೆ, ಇನ್ನೂ ಹತ್ತಿರ,
ಉಸಿರು ಬಿಟ್ಟರೆ ಕೈ ಅಲುಗುತ್ತದೆ.